‘ಯಾರ ಜೊತೆಗೂ ಬೆರೆಯುವುದಿಲ್ಲ’ ಅಂತ ಬರೆದಿದ್ದರು

ಆಫೀಸಿನಲ್ಲಿ ವರ್ಷದ ಕೆಲಸಕ್ಕೆ ಅಂಕ ಕೊಡುವ ಅಪ್ರೈಸಲ್ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ‘ಕೆಲಸ ಚೆನ್ನಾಗಿದೆ, ಆದರೆ ಯಾರ ಜೊತೆಗೂ ಬೆರೆಯುವುದಿಲ್ಲ.’ ಪಕ್ಕದಲ್ಲಿ ಐದಕ್ಕೆ ಎರಡು ಅಂಕ. ಆ ವರ್ಷ ಬಡ್ತಿಯೂ ಸಿಗಲಿಲ್ಲ, ಸಂಬಳವೂ ಏರಲಿಲ್ಲ.

ನನ್ನ ಕೆಲಸ ಬಿಲ್ ತಾಳೆ ನೋಡುವುದು. ಬಂದ ಬಿಲ್, ಕೊಟ್ಟ ದುಡ್ಡು, ಬ್ಯಾಂಕಿನ ಲೆಕ್ಕ, ಮೂರೂ ಹೊಂದಬೇಕು. ಆ ವರ್ಷ ನಾನು ನೋಡಿದ ಲೆಕ್ಕದಲ್ಲಿ ಆಡಿಟ್‌ನವರಿಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಮ್ಯಾನೇಜರ್‌ಗೂ ಇದು ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ನನಗೆ ಆಟಿಸಂ ಇದೆ ಅನ್ನುವುದು. ಅಂದರೆ, ಬೇರೆಯವರೊಂದಿಗೆ ಬೆರೆಯುವ, ಸದ್ದು-ಮಾತನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು. ನನಗೇ ಅದು ತಿಳಿದದ್ದು ಮೂವತ್ತು ದಾಟಿದ ಮೇಲೆ.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಹೋಗಿ ಕೇಳಿದೆ, “ಸರ್, ಬೆರೆಯೋದಿಲ್ಲ ಅಂದ್ರೆ ಏನು? ಯಾವತ್ತು, ಎಲ್ಲಿ? ಒಂದು ಉದಾಹರಣೆ ಕೊಡ್ತೀರಾ?”

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಮಾತಾಡೋವಾಗ ನೀವು ಮುಖ ನೋಡಲ್ಲ. ಎಲ್ಲರೂ ಒಟ್ಟಿಗೆ ಊಟಕ್ಕೆ ಹೋದ್ರೆ ನೀವು ಬರಲ್ಲ. ಮೊನ್ನೆ ಮೀಟಿಂಗ್‌ನಲ್ಲಿ ಎಲ್ಲರ ಎದುರು ‘ಈ ಲೆಕ್ಕ ತಪ್ಪು’ ಅಂದುಬಿಟ್ರಿ.”

ಆ ಲೆಕ್ಕ ನಿಜಕ್ಕೂ ತಪ್ಪಾಗಿತ್ತು. ಮಾರನೇ ದಿನವೇ ತಿದ್ದಿದ್ದರು. ಮೂರನ್ನೂ ಅವರ ಎದುರಿಗೇ ಬರೆದುಕೊಂಡೆ. ಸಂಜೆ ಅದನ್ನೇ ಇಮೇಲ್ ಮಾಡಿದೆ: ‘ಇವತ್ತು ನಾವು ಮಾತಾಡಿದ್ದು ಇದು. ನಾನು ತಪ್ಪು ತಿಳಿದಿದ್ದರೆ ತಿದ್ದಿ.’ ಉತ್ತರ ಬರಲಿಲ್ಲ. ಆದರೆ ಆ ಇಮೇಲ್ ದಾಖಲೆಯಾಗಿ ಉಳಿಯಿತು. ನಾನು ಮಾಡಿದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಯಾರ ಬಗ್ಗೆಯೂ ಅಭಿಪ್ರಾಯ ಬರೆಯಲಿಲ್ಲ. ದಿನ, ಹೊತ್ತು, ಆಡಿದ ಮಾತು, ಅಷ್ಟೇ. ಒಂದು ಪುಟ ಹೀಗಿದೆ: ‘ಮಂಗಳವಾರ, ನಾಲ್ಕು ಗಂಟೆ. ನಡೆದು ಹೋಗುತ್ತಾ, ಆ ಫೈಲ್ ಸ್ವಲ್ಪ ನೋಡಿಬಿಡಿ ಅಂದರು. ಯಾವ ಫೈಲ್, ಯಾವಾಗ ಬೇಕು ಅಂತ ಕೇಳಿದೆ. ಅಷ್ಟೂ ಗೊತ್ತಾಗಲ್ವಾ ಅಂದರು.’ ಮೂರು ವಾರ ಕಳೆದ ಮೇಲೆ ಓದಿದೆ. ತೊಂದರೆ ಆದದ್ದೆಲ್ಲಾ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಬಾಯಿಮಾತಿನಲ್ಲಿ ಅರ್ಧ ಹೇಳಿ ಹೋದ ಕೆಲಸಗಳಲ್ಲಿ. ಬರಹದಲ್ಲಿ ಬಂದ ಕೆಲಸ ಒಂದೂ ಕೆಟ್ಟಿರಲಿಲ್ಲ.

ಆ ಹೊತ್ತಿಗೆ ಒಂದು ಅಧ್ಯಯನದ ಬಗ್ಗೆ ಓದಿದ್ದೆ. ಸಂಶೋಧಕ ನೋಹ್ ಸ್ಯಾಸನ್ ಮತ್ತು ಅವರ ಜೊತೆಗಾರರು 2017ರಲ್ಲಿ ಪ್ರಕಟಿಸಿದ್ದು. ಆಟಿಸಂ ಇರುವವರು ಮಾತಾಡುವ ಚಿಕ್ಕ ವಿಡಿಯೋ ತೋರಿಸಿದಾಗ ನೋಡಿದವರು ಕೆಲವೇ ಸೆಕೆಂಡುಗಳಲ್ಲಿ ಅವರಿಗೆ ಆಟಿಸಂ ಇಲ್ಲದವರಿಗಿಂತ ಕಡಿಮೆ ಅಂಕ ಕೊಟ್ಟರು. ಅದೇ ಮಾತನ್ನು ಬರೀ ಅಕ್ಷರದಲ್ಲಿ ಕೊಟ್ಟಾಗ ಆ ವ್ಯತ್ಯಾಸ ಇರಲಿಲ್ಲ. ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಎರಡು ಅಂಕ ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು.

ಆಟಿಸಂ ಇದೆ ಅಂತ ಹೇಳಬೇಕಾ ಬೇಡವಾ ಅನ್ನುವುದೇ ಕಷ್ಟದ ಭಾಗ. ಒಮ್ಮೆ ಹೇಳಿದರೆ ಹೇಳಿದ ಹಾಗೆಯೇ, ವಾಪಸ್ ತಗೊಳ್ಳೋಕೆ ಆಗಲ್ಲ. ಏನು ಬೇಕು ಅಂತ ಮೊದಲು ತೀರ್ಮಾನಿಸಿದೆ, ಆಮೇಲೆ ಎಚ್‌ಆರ್‌ಗೆ ಒಂದು ಪುಟದ ಪತ್ರ ಬರೆದೆ. ಆಟಿಸಂ ಬಗ್ಗೆ ಒಂದು ವಾಕ್ಯ, ಬಾಲ್ಯದ ಕತೆ ಏನೂ ಇಲ್ಲ. ಕೆಲಸ ಹೇಳುವುದನ್ನು ಇಮೇಲ್‌ನಲ್ಲಿ ಹೇಳಿ. ನನ್ನ ಮೇಜನ್ನು ಪ್ರಿಂಟರ್ ಪಕ್ಕದಿಂದ ಬೇರೆ ಕಡೆ ಹಾಕಿ, ಅದರ ಸದ್ದಿಗೆ ಅಂಕಿಗಳು ಕಣ್ಣಿಗೆ ನಿಲ್ಲುವುದಿಲ್ಲ. ಮೀಟಿಂಗ್‌ನ ವಿಷಯ ಹಿಂದಿನ ದಿನವೇ ಕಳಿಸಿ. ಇಷ್ಟೇ ಕೇಳಿದ್ದು. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದದ ಮಾತನ್ನೂ ಸೇರಿಸಿದೆ: ಆಗುವಂಥ ಹೊಂದಾಣಿಕೆಯನ್ನು ಮಾಡಿಕೊಡದೇ ಇರುವುದೂ ತಾರತಮ್ಯವೇ. ನಾನು ಕೇಳುತ್ತಿರುವುದು ಉಪಕಾರ ಅಲ್ಲ ಅಂತ ಅವರಿಗೂ ತಿಳಿಯಬೇಕಿತ್ತು.

ಮೇಜು ಒಂದು ವಾರದಲ್ಲಿ ಬದಲಾಯಿತು. ಇಮೇಲ್‌ಗೆ ತಿಂಗಳುಗಳೇ ಹಿಡಿದವು. ಬಾಯಲ್ಲಿ ಹೇಳಿದಾಗೆಲ್ಲಾ ನಾನೇ ಬರೆದು ಕಳಿಸಿ ‘ಸರಿಯೇ?’ ಅಂತ ಕೇಳುತ್ತಿದ್ದೆ. ವಿಷಯ ತಿಳಿದ ಮೇಲೆ ಸಹೋದ್ಯೋಗಿಯೊಬ್ಬರು ಮಗುವಿಗೆ ಹೇಳುವ ಹಾಗೆ ನನ್ನ ಹತ್ತಿರ ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಆ ಎರಡು ಅಂಕಕ್ಕಿಂತ ಇದು ಜಾಸ್ತಿ ನೋವಾಯಿತು. “ಮೊದಲಿನ ಹಾಗೇ ಮಾತಾಡಿ, ನಾನು ಅದೇ ಮನುಷ್ಯ” ಅಂದೆ. ಅವತ್ತಿನಿಂದ ನಿಲ್ಲಿಸಿದರು.

ಮುಂದಿನ ವರ್ಷದ ಹಾಳೆಯಲ್ಲಿ ‘ಬೆರೆಯುವುದು’ ಅನ್ನುವ ಕಡೆ ‘ಕೆಲಸದ ವಿಷಯವನ್ನು ಸಮಯಕ್ಕೆ, ಸ್ಪಷ್ಟವಾಗಿ ತಿಳಿಸುವುದು’ ಅಂತ ಬಂತು. ನನಗೊಬ್ಬರಿಗೇ ಅಲ್ಲ, ಎಲ್ಲರಿಗೂ. ಅದರಲ್ಲಿ ನನಗೆ ನಾಲ್ಕು ಸಿಕ್ಕಿತು.

ಹಿಂದಿನ ವರ್ಷದ ಎರಡನ್ನು ಮಾತ್ರ ಇನ್ನೂ ತಿದ್ದಿಲ್ಲ. ಅದಕ್ಕೆ ಬೇರೆ ಪತ್ರ ಕೊಟ್ಟಿದ್ದೇನೆ. ಪ್ರತಿ ತಿಂಗಳ ಮೊದಲ ಸೋಮವಾರ ಎಚ್‌ಆರ್‌ಗೆ ನೆನಪಿಸಿ ಇಮೇಲ್ ಹಾಕುತ್ತೇನೆ. ಹೋದ ಸೋಮವಾರ ಹಾಕಿದ್ದು ಐದನೆಯದು.