ಮಲ್ಲಿಗೆ ಸಾಲಿನ ನೆರಳಲ್ಲಿ ಕನಕಾಂಬರ: ನನ್ನ ಅನುಭವ

ಮಲ್ಲಿಗೆ ಪಕ್ಕದಲ್ಲಿ ಕನಕಾಂಬರ ಹಾಕಬೇಡ, ಎರಡೂ ಕೆಡುತ್ತವೆ ಎಂದು ನನಗೆ ಹೇಳದವರಿಲ್ಲ. ಅವರ ಮಾತಿನಲ್ಲೂ ಹುರುಳಿತ್ತು. ದುಂಡು ಮಲ್ಲಿಗೆಗೆ ಪೂರ್ತಿ ಬಿಸಿಲು ಬೇಕು, ವರ್ಷಕ್ಕೊಮ್ಮೆ ನೀರು ನಿಲ್ಲಿಸಿ ಒಣಗಿಸಬೇಕು, ಕತ್ತರಿ ಹಾಕಬೇಕು. ಕನಕಾಂಬರಕ್ಕೆ ಅರೆನೆರಳು ಬೇಕು, ಬುಡದ ಮಣ್ಣು ಯಾವಾಗಲೂ ತಂಪಾಗಿರಬೇಕು. ಆದರೂ ಈಗ ನನ್ನ ಸುಮಾರು 10 ಗುಂಟೆಯಲ್ಲಿ ಎರಡೂ ಅಕ್ಕಪಕ್ಕ ನಿಂತಿವೆ, ಎರಡೂ ಹೂ ಕೊಡುತ್ತಿವೆ. ಬೇಡ ಎಂದವರಲ್ಲೇ ಇಬ್ಬರು ಮೂವರು ಬಂದು ಸಾಲಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಇದರ ಗುಟ್ಟು ದಿಕ್ಕಿನಲ್ಲಿದೆ. ನನ್ನ ಮಲ್ಲಿಗೆ ಸಾಲುಗಳು ಉತ್ತರ-ದಕ್ಷಿಣ. ಕನಕಾಂಬರವನ್ನು ಸಾಲಿನ ಪೂರ್ವಕ್ಕೆ, ಮಲ್ಲಿಗೆ ಬುಡದಿಂದ 2 ಅಡಿ ಬಿಟ್ಟು ನೆಟ್ಟಿದ್ದೇನೆ. ಬೆಳಗಿನ ಬಿಸಿಲು ಅದಕ್ಕೆ ಸಿಗುತ್ತದೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ಮಲ್ಲಿಗೆಯ ನೆರಳು ಮೈಮೇಲೆ ಬರುತ್ತದೆ. ಪಶ್ಚಿಮದ ಕಡೆಗೂ ಒಂದು ಸಾಲು ಹಾಕಿ ನೋಡಿದ್ದೆ. ಅಲ್ಲಿ ಎಲೆ ಬಿಳಿಚಿಕೊಂಡಿತು, ಹೂ ಬಿಡುವ ತೆನೆ ಬೆರಳುದ್ದವೂ ಬರಲಿಲ್ಲ. ಮಾವಿನ ಮರದ ಕೆಳಗೆ ನೆಟ್ಟವು ಇನ್ನೊಂದು ಬಗೆ. ನೋಡಲು ಕಡು ಹಸಿರು, ಉದ್ದುದ್ದ ಬೆಳೆದವು, ತೆನೆ ಮಾತ್ರ ಕಾಣಲಿಲ್ಲ. ಕನಕಾಂಬರಕ್ಕೆ ನೆರಳು ಬೇಕು ಎನ್ನುತ್ತಾರಲ್ಲ, ಅದು ಮಧ್ಯಾಹ್ನದ ನೆರಳು. ಇಡೀ ದಿನದ್ದಲ್ಲ.

ಇನ್ನು ನವೆಂಬರ್ ಕೊನೆಗೆ ಮಲ್ಲಿಗೆಗೆ ಕತ್ತರಿ ಹಾಕಿದಾಗ ನೆರಳೇ ಹೋಗುತ್ತದಲ್ಲ ಎಂದು ಕೇಳುತ್ತಾರೆ. ಹೋಗುತ್ತದೆ, ಹೋಗಲಿ. ಆಗ ಚಳಿಗಾಲ, ಬಿಸಿಲಿಗೆ ಅಷ್ಟು ಕಾವಿರುವುದಿಲ್ಲ. ಆ ಎರಡು ತಿಂಗಳು ಪೂರ್ತಿ ಬೆಳಕು ಸಿಕ್ಕರೆ ಕನಕಾಂಬರ ಇನ್ನೂ ಚೆನ್ನಾಗಿ ಕವಲೊಡೆಯುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಏರುವಷ್ಟರಲ್ಲಿ ಮಲ್ಲಿಗೆ ಮತ್ತೆ ತುಂಬಿಕೊಂಡಿರುತ್ತದೆ. ಇಷ್ಟು ಸರಿಯಾಗಿ ಹೊಂದುತ್ತದೆ ಎಂದು ನಾನೂ ಮೊದಲು ಅಂದುಕೊಂಡಿರಲಿಲ್ಲ.

ದುಡ್ಡು ತಿಂದಿದ್ದು ನೀರಿನ ವಿಷಯ. ಮೊದಲು ಎರಡಕ್ಕೂ ಒಂದೇ ಡ್ರಿಪ್ ಲೈನ್ ಇತ್ತು. ಕನಕಾಂಬರ ಬಾಡಬಾರದು ಎಂದು ನೀರು ಬಿಟ್ಟರೆ ಮಲ್ಲಿಗೆ ಬರೀ ಎಲೆ ಹೊತ್ತು ನಿಂತಿತು. ಕತ್ತರಿ ಹಾಕಿದರೂ ಚಿಗುರಿನ ತುದಿಯಲ್ಲಿ ಮೊಗ್ಗಿಲ್ಲ. ಆ ವರ್ಷ ಮಲ್ಲಿಗೆ ಆದಾಯ ಅರ್ಧಕ್ಕೆ ಇಳಿಯಿತು. ಮುಂದಿನ ವರ್ಷ ಕನಕಾಂಬರಕ್ಕೆ ಬೇರೆ ಲೈನ್ ಎಳೆದು, ಬೇರೆ ವಾಲ್ವ್ ಕೂರಿಸಿದೆ. 7-8 ಸಾವಿರ ಆಗಿರಬೇಕು. ಸುಮ್ನೆ ದಂಡ ಎಂದು ಮನೆಯಲ್ಲೇ ಮಾತು ಬಂತು. ಕನಕಾಂಬರದ ಬೇರು ಆಳಕ್ಕೆ ಹೋಗುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಅದರ ಬುಡಕ್ಕೆ ದಿನ ಬಿಟ್ಟು ದಿನ ಸ್ವಲ್ಪ ಹೊತ್ತು ಮಾತ್ರ ಹನಿ ಬಿಡುತ್ತೇನೆ. ಮೇಲಿನ ಅರ್ಧ ಅಡಿ ತೇವ ಆದರೆ ಸಾಕು. ಎಲೆಕಸದ ಹೊದಿಕೆ ದಪ್ಪಗೆ ಇರಬೇಕು. ಮಲ್ಲಿಗೆಗೆ ಅಕ್ಟೋಬರ್ ಕೊನೆಯಿಂದಲೇ ನೀರು ಬಂದ್. ಕತ್ತರಿ ಹಾಕಿ ಒಂದೂವರೆ ಅಡಿಗೆ ಇಳಿಸಿ, ಉಳಿದ ಎಲೆಯನ್ನೂ ಸವರಿ ತೆಗೆದು, ಬುಡ ಬಿಡಿಸಿ ಗೊಬ್ಬರ ಕೊಟ್ಟ ಮೇಲೆಯೇ ಮತ್ತೆ ನೀರು.  

ಕನಕಾಂಬರದ ದೊಡ್ಡ ಶತ್ರು ನೆಮಟೋಡ್, ಅಂದರೆ ಬೇರಿಗೆ ಬೀಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿನ ಹುಳು. ಬೆಳೆದವರಿಗೆಲ್ಲ ಗೊತ್ತು. ಒಂದು ನರ್ಸರಿಯಿಂದ ಸುಮಾರು 2,000 ಸಸಿ ತಂದಿದ್ದೆ, 8 ಸಾವಿರ ರೂಪಾಯಿ ಆಸುಪಾಸು. ಮೂರು ನಾಲ್ಕು ತಿಂಗಳು ಚೆನ್ನಾಗಿದ್ದವು. ಆಮೇಲೆ ಅಲ್ಲಲ್ಲಿ ಗುಂಪು ಗುಂಪಾಗಿ ಹಳದಿಯಾಗಿ ಕುಗ್ಗತೊಡಗಿದವು. ಕಿತ್ತು ನೋಡಿದರೆ ಬೇರು ಗಂಟುಗಂಟಾಗಿ ಕಪ್ಪಾಗಿತ್ತು. ಸಸಿಯ ಜೊತೆಗೇ ಬಂದಿದ್ದವು ಎಂಬುದು ನನ್ನ ಅಂದಾಜು, ಏಕೆಂದರೆ ಬಿಚ್ಚದೆ ಉಳಿದಿದ್ದ ಕವರುಗಳಲ್ಲೂ ಗಂಟು ಸಿಕ್ಕಿತು. ಅರ್ಧಕ್ಕೂ ಜಾಸ್ತಿ ಗಿಡ ಕಿತ್ತು ಸುಟ್ಟೆ. ಈಗ ಕನಕಾಂಬರ ನೆಡುವ ಪಟ್ಟಿಯಲ್ಲಿ ಒಂದು ಹಂಗಾಮು ಮೊದಲೇ ಚೆಂಡು ಹೂ ಬೆಳೆಯುತ್ತೇನೆ. ಬೀಜ ಕಟ್ಟುವ ಮುನ್ನ ಕಡಿದು ಅಲ್ಲೇ ಮಣ್ಣಿಗೆ ಸೇರಿಸಿ, ಗುಣಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ನೆಮಟೋಡ್ ಪೂರ್ತಿ ಹೋಗಿಲ್ಲ, ಆದರೆ ಗಿಡ ನಿಲ್ಲುತ್ತಿದೆ. ಚೆಂಡು ಹೂವಿನ ದುಡ್ಡು ಬೇರೆ ಕೈಗೆ ಬರುತ್ತದೆ.

ಸಸಿ ಈಗ ನಾನೇ ಮಾಡಿಕೊಳ್ಳುತ್ತೇನೆ. ಡೆಲ್ಲಿ ಕನಕಾಂಬರ ಎಂಬ ತಳಿಗೆ ಬೀಜವಿಲ್ಲ, ಕಡ್ಡಿಯೇ ಗತಿ. ಎಳೆ ತುದಿಯೂ ಅಲ್ಲದ, ಬಲಿತ ಕಾಂಡವೂ ಅಲ್ಲದ ನಡುವಿನ ಕಡ್ಡಿ ತೆಗೆದು ಮರಳಿನಲ್ಲಿ ನೆಟ್ಟರೆ ಹತ್ತರಲ್ಲಿ ಆರೇಳು ಬೇರು ಬಿಡುತ್ತವೆ. ಬೀಜದ ತಳಿಯನ್ನೂ ಒಂದಿಷ್ಟು ಬೆಳೆಸಿ ನೋಡಿದೆ. ಒಣಗಿದ ತೆನೆಗೆ ನೀರು ತಾಗಿದರೆ ಕಾಯಿ ಪಟಾಕಿಯಂತೆ ಸಿಡಿದು ಬೀಜ ಅಡಿಗಟ್ಟಲೆ ದೂರ ಹಾರುತ್ತದೆ. ಹಾಗಾಗಿ ತೆನೆಗಳನ್ನು ಪಾತ್ರೆಯಲ್ಲಿಟ್ಟು, ನೀರು ಚಿಮುಕಿಸಿ ತಕ್ಷಣ ಬಟ್ಟೆ ಕಟ್ಟುತ್ತೇನೆ. ಒಂದೇ ತಾಸಿನಲ್ಲಿ ಬೀಜವೆಲ್ಲ ತಳದಲ್ಲಿರುತ್ತದೆ. ಮೊದಲ ಮಳೆಗೆ ಗಿಡದ ಸುತ್ತ ತಾನಾಗಿ ಹುಟ್ಟುವ ಸಸಿಗಳೂ ಒಳ್ಳೆಯವೇ, ಬಣ್ಣ ಮಾತ್ರ ಒಂದೇ ಸಮ ಇರುವುದಿಲ್ಲ. ಹೂ ಕಟ್ಟುವವರು ಅದಕ್ಕೆ ತಕರಾರು ತೆಗೆಯುತ್ತಾರೆ.

ಮಲ್ಲಿಗೆಯಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸುತ್ತೇನೆ. ಅದರ ಹನಿ ಕನಕಾಂಬರದ ಎಸಳಿಗೆ ಬಿದ್ದರೆ ಕಲೆ ಉಳಿಯುತ್ತದೆ. ಆದ್ದರಿಂದ ಕನಕಾಂಬರ ಕೊಯ್ದು ಮುಗಿಸಿದ ದಿನವೇ ಸಿಂಪಡಣೆ. ಮೊಗ್ಗು ಕೊರೆಯುವ ಹುಳುವಿಗೆ ಬೇವಿನ ಎಣ್ಣೆ, ಜೊತೆಗೆ ಕೆಂಪಾದ ಮೊಗ್ಗನ್ನು ಆರಿಸಿ ಸುಡುವುದು. ಅಷ್ಟೇ.

ಈಗ ಆದಾಯ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿರುವುದೇ ಇದಕ್ಕೆ. ಮಲ್ಲಿಗೆ ಕಾಯುವುದಿಲ್ಲ. ಬೆಳಗ್ಗೆ ಬಿಳಿ ತಿರುಗಿದ ಮೊಗ್ಗನ್ನು ಅಂದೇ ಕೊಯ್ಯಬೇಕು, ಸಂಜೆಗೆ ಅರಳಿಬಿಟ್ಟರೆ ಕೇಳುವವರಿಲ್ಲ. ಕನಕಾಂಬರ ಒಂದು ದಿನ ಗಿಡದಲ್ಲೇ ನಿಲ್ಲುತ್ತದೆ. ದಿನ ಬಿಟ್ಟು ದಿನ ಕೊಯ್ದರೂ ನಡೆಯುತ್ತದೆ. ಆದರೆ ಅದಕ್ಕೆ ತೂಕವೇ ಇಲ್ಲ. ಒಂದು ಕೆಜಿ ತುಂಬಲು ಸಾವಿರಾರು ಹೂ ಬೇಕು, ಅರ್ಧ ದಿನದ ಕೂಲಿ ಅಲ್ಲೇ ಹೋಗುತ್ತದೆ. ಬರೀ ಕನಕಾಂಬರ ಇದ್ದಾಗ ಬಂದ ದುಡ್ಡಲ್ಲಿ ಅರ್ಧ ಕೊಯ್ಲಿಗೇ ಆಗುತ್ತಿತ್ತು. ಈಗ ಅದೇ ಇಬ್ಬರು ಹೆಂಗಸರು ಮುಂಜಾನೆ ಮಲ್ಲಿಗೆ ಮುಗಿಸಿ ಅದೇ ಸಾಲಿನಲ್ಲಿ ಹಿಂದಿರುಗುತ್ತಾ ಕನಕಾಂಬರ ಕೊಯ್ಯುತ್ತಾರೆ. ಬೇರೆ ಆಳು ಬೇಕಿಲ್ಲ. ಮಲ್ಲಿಗೆ ಇಲ್ಲದ ಡಿಸೆಂಬರ್-ಜನವರಿಯಲ್ಲೂ ಮನೆಗೆ ವಾರಕ್ಕೆ ಒಂದೂವರೆ ಎರಡು ಸಾವಿರ ಬರುತ್ತದೆ. ಜೋರು ಮಳೆಯಲ್ಲಿ ಮಾತ್ರ ಎರಡೂ ಕೈಕೊಡುತ್ತವೆ.

ಮಲ್ಲಿಗೆಗೆ ಪರಿಮಳ, ಕನಕಾಂಬರಕ್ಕೆ ಬಣ್ಣ ಮತ್ತು ಬಾಳಿಕೆ. ಎರಡನ್ನೂ ಸೇರಿಸಿ ಕಟ್ಟಿಸಿ ಮಾರಿದೆ. ಬಿಡಿ ಹೂವಿಗಿಂತ ಕಾಲು ಭಾಗ ಹೆಚ್ಚೇ ಸಿಕ್ಕಿತು, ಕಟ್ಟುವ ಕೂಲಿ ಕಳೆದ ಮೇಲೂ. ಸಾಗಿಸುವಾಗ ಮಾತ್ರ ಬೇರೆ ಬೇರೆ ಇಡಿ. ಮಲ್ಲಿಗೆ ಮೊಗ್ಗಿಗೆ ಒದ್ದೆ ಬಟ್ಟೆ ಸರಿ. ಕನಕಾಂಬರಕ್ಕೆ ನೀರು ತಾಗಿದರೆ ಮಧ್ಯಾಹ್ನದೊಳಗೆ ಕರಗುತ್ತದೆ, ಅದಕ್ಕೆ ಬಾಳೆ ಎಲೆ ಹಾಸಿದ ಬುಟ್ಟಿಯೇ ಬೇಕು.

ಕನಕಾಂಬರವನ್ನು ಮೂರನೇ ವರ್ಷಕ್ಕೆ ಕಿತ್ತು ಆ ಪಟ್ಟಿಗೆ ಮತ್ತೆ ಚೆಂಡು ಹೂ ಹಾಕುತ್ತೇನೆ. ಇದನ್ನು ತಪ್ಪಿಸಬೇಡಿ. ಮಲ್ಲಿಗೆ ಹಾಗೇ ಹತ್ತು ವರ್ಷದ ಮೇಲೆ ನಿಲ್ಲುತ್ತದೆ. ಕನಕಾಂಬರವನ್ನು ಒಂದೇ ಸಲ ಪೂರ್ತಿ ಕೀಳದೆ ಸಾಲು ಬಿಟ್ಟು ಸಾಲು ಕಿತ್ತರೆ ವರ್ಷವಿಡೀ ಕೈಗೆ ಸ್ವಲ್ಪವಾದರೂ ಹೂ ಇರುತ್ತದೆ. ಈ ಮಳೆಗಾಲಕ್ಕೆ ನಾಲ್ಕು ಸಾಲಿಗೆ ಆಗುವಷ್ಟು ಕಡ್ಡಿ ಮರಳಿನಲ್ಲಿ ನೆಟ್ಟಾಗಿದೆ.