ಪೋಷಕತ್ವದ ಮನೆಯ ಪೂರ್ವಾಪರ ಪರಿಶೀಲನೆ: ಕಡತ ಇಡುವ ಬಗೆ

ತುಮಕೂರು ಜಿಲ್ಲೆಯಲ್ಲಿ 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನಡಿ ಮಗುವನ್ನು ಪೋಷಕತ್ವಕ್ಕೆ (ಫಾಸ್ಟರ್ ಕೇರ್, ಅಂದರೆ ದತ್ತು ಪಡೆಯದೆ ಮನೆಯಲ್ಲಿಟ್ಟು ಸಾಕುವುದಕ್ಕೆ) ಪಡೆಯಬಯಸುವ ಕುಟುಂಬವು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡುವ ದಿನವೇ ಪ್ರತ್ಯೇಕ ಕಡತ ತೆರೆಯುವುದು ಒಳ್ಳೆಯದು. ಗುರುತು ಮತ್ತು ವಿಳಾಸದ ದಾಖಲೆಗಳು, ಪೊಲೀಸ್ ಪರಿಶೀಲನೆಯ ಪ್ರತಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಅದರಲ್ಲಿರಲಿ.

ಪೊಲೀಸ್ ವರದಿ ಕೈಸೇರಿದೊಡನೆ ಹೆಸರು, ವಿಳಾಸಗಳು ಆಧಾರ್‌ನೊಂದಿಗೆ ಅಕ್ಷರಶಃ ಹೊಂದುತ್ತವೆಯೇ ಎಂದು ನೋಡಿ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಆಗಲೇ ತಿದ್ದಿಸಿಕೊಳ್ಳಿ. ವಯಸ್ಕ ಬಂಧುವೊಬ್ಬರು ಮನೆಯಲ್ಲಿ ನೆಲೆಸಲು ಬಂದರೆ ಘಟಕಕ್ಕೆ ಲಿಖಿತವಾಗಿ ತಿಳಿಸಿ, ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಮಗುವಿನ ಸುರಕ್ಷತೆಗೆ ನನ್ನ ದೃಷ್ಟಿಯಲ್ಲಿ ಇದೇ ಅತಿ ಮುಖ್ಯ.

ಕಡತಕ್ಕೆ ಬೀಗವಿರಲಿ. ಅದರ ಹಾಳೆಗಳ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸಬೇಡಿ. ಮಗುವಿನ ಗುರುತು ಬಹಿರಂಗಪಡಿಸುವುದನ್ನು ಇದೇ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ.