ಎಡಪುಟದಲ್ಲಿ ಮೊದಲ ನೋಟ

ಸಿನಿಮಾ ಮುಗಿದ ಮೇಲೆ ಯಾರಾದರೂ ‘ಹೇಗಿತ್ತು?’ ಎಂದು ಕೇಳಿದರೆ ನಾನು ಬಹುಕಾಲ ಕೊಡುತ್ತಿದ್ದ ಉತ್ತರಗಳು ಎರಡೇ: ಚೆನ್ನಾಗಿತ್ತು, ಇಲ್ಲವೇ ಬೇಸರ ಬಂತು. ನನ್ನದೇ ಎನ್ನಬಹುದಾದ ಅಭಿಪ್ರಾಯ ಮೂಡತೊಡಗಿದ್ದು, ನೋಡಿದ ರಾತ್ರಿಯೇ, ಒಂದು ವಿಮರ್ಶೆಯನ್ನೂ ಓದದೆ, ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಹಚ್ಚಿಕೊಂಡ ಮೇಲೆ. ಕಥೆಯ ಸಾರಾಂಶ ಬರೆಯುವಂತಿಲ್ಲ. ಮನಸ್ಸಿನಲ್ಲಿ ನಿಂತ ಒಂದೇ ದೃಶ್ಯವನ್ನು ಕಂಡಂತೆ, ಕೇಳಿದಂತೆ ಬರೆದು, ಅದು ಯಾಕೆ ನಿಂತಿತು ಎಂದು ಹೇಳಬೇಕು. ಬರೆಯುವುದು ಎಡಪುಟದಲ್ಲಿ ಮಾತ್ರ. ಬಲಪುಟ ಎರಡನೆಯ ಸಲ ನೋಡುವ ತನಕ ಖಾಲಿ ಇರುತ್ತದೆ.

ಬಲಪುಟ ಎಷ್ಟು ಅಗತ್ಯವೆಂದು ನನಗೆ ಮನವರಿಕೆಯಾದದ್ದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಿಂದ (1955). ಬಹುದಿನಗಳ ನಂತರ ಊರಿಗೆ ಮರಳಿದ ಹರಿಹರನಿಗೆ ಮಗಳು ದುರ್ಗಾ ತೀರಿಕೊಂಡದ್ದು ತಿಳಿದಿರುವುದಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಾ, ಮಗಳಿಗೆಂದು ತಂದ ಸೀರೆಯನ್ನೂ ಅವಳ ಕೈಗಿಡುತ್ತಾನೆ. ಅಲ್ಲಿಯವರೆಗೆ ಕಲ್ಲಿನಂತೆ ಕುಳಿತಿದ್ದ ಸರ್ವಜಯಾ ಒಡೆದುಹೋಗುತ್ತಾಳೆ. ‘ಆ ತಾಯಿಯ ಆಕ್ರಂದನ ಕಿವಿಯಿಂದ ಹೋಗುತ್ತಿಲ್ಲ’ ಎಂದು ಎಡಪುಟದಲ್ಲಿ ಬರೆದಿದ್ದೆ. ಎರಡನೆಯ ಸಲ ನೋಡಿದಾಗ ತಿಳಿಯಿತು, ಅಲ್ಲಿ ಆಕ್ರಂದನವೇ ಕೇಳಿಸುವುದಿಲ್ಲ. ಅವಳ ಬಾಯಿ ತೆರೆಯುತ್ತದೆ, ಆದರೆ ದನಿಯ ಜಾಗದಲ್ಲಿ ತಾರಸ್ಥಾಯಿಯಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಮೊಳಗುತ್ತದೆ. ಇಲ್ಲದ ಅಳುವನ್ನು ನಾನೇ ಕೇಳಿಸಿಕೊಂಡಿದ್ದೆ. ಹಿನ್ನೆಲೆ ಸಂಗೀತದ ಬಗ್ಗೆ ನನ್ನ ಅಳತೆಗೋಲು ಅಂದಿನಿಂದ ಬದಲಾಯಿತು: ಅಳುವ ಪಾತ್ರದ ಮೇಲೆ ಪಿಟೀಲು ಸುರಿದು ನನ್ನನ್ನೂ ಅಳಿಸಲು ಹೊರಟ ಸಂಗೀತವನ್ನು ಈಗ ಸಹಿಸಲಾರೆ; ಪಾತ್ರ ಹೇಳಲಾರದ್ದನ್ನು ತಾನು ಹೊತ್ತುಕೊಳ್ಳುವ ಸಂಗೀತಕ್ಕೆ ತಲೆಬಾಗುತ್ತೇನೆ.

ಯಾಸುಜಿರೋ ಓಝು ಅವರ ‘ಟೋಕಿಯೋ ಸ್ಟೋರಿ’ಯ (1953) ವಿಷಯದಲ್ಲಿ ನಾನು ಮಾಡಿದ್ದು ಅನ್ಯಾಯ. ಮೊದಲ ಸಲ ಮೊಬೈಲ್ ಕೈಯಲ್ಲಿಟ್ಟುಕೊಂಡೇ ನೋಡಿ, ‘ಏನೂ ನಡೆಯುವುದಿಲ್ಲ, ಕ್ಯಾಮೆರಾ ಕೂಡ ಕದಲುವುದಿಲ್ಲ’ ಎಂದು ಬರೆದು ಮುಗಿಸಿದ್ದೆ. ಒಂದೂವರೆ ವರ್ಷದ ನಂತರ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ನೋಡಿದೆ. ಚಿತ್ರದ ಆರಂಭದಲ್ಲಿ ವೃದ್ಧ ದಂಪತಿ ಪ್ರಯಾಣಕ್ಕೆ ಸಿದ್ಧರಾಗುತ್ತಿರುವಾಗ ನೆರೆಮನೆಯ ಹೆಂಗಸು ಕಿಟಕಿಯ ಬಳಿ ನಿಂತು ಇಬ್ಬರೊಂದಿಗೂ ಮಾತನಾಡಿ ಹೋಗುತ್ತಾಳೆ. ಕೊನೆಯಲ್ಲಿ ಅದೇ ಹೆಂಗಸು ಅದೇ ಕಿಟಕಿಯ ಬಳಿ ಬಂದಾಗ ಒಳಗೆ ಕುಳಿತಿರುವುದು ಮುದುಕ ಒಬ್ಬನೇ. ಕ್ಯಾಮೆರಾ ಕದಲದೆ ಇದ್ದುದರಿಂದಲೇ ಆ ಪಕ್ಕದ ಖಾಲಿ ಜಾಗ ನನ್ನ ಕಣ್ಣಿಗೆ ಬಿತ್ತು. ಚಿತ್ರದ ದೋಷವೆಂದು ನಾನು ಬರೆದದ್ದೇ ಅದರ ಶಕ್ತಿಯಾಗಿತ್ತು. ಎಡಪುಟದ ಆ ಸಾಲನ್ನು ಹೊಡೆದುಹಾಕಿಲ್ಲ, ಹಾಗೆಯೇ ಉಳಿಸಿಕೊಂಡಿದ್ದೇನೆ.

ಧಾರಾವಾಹಿಗಳಿಗೆ ಈ ಪದ್ಧತಿ ಸುಲಭವಾಗಿ ಒಗ್ಗಲಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಕಂತು ತಾನಾಗಿಯೇ ಶುರುವಾಗುವಾಗ ಬರೆಯುವುದು ಯಾವಾಗ? ದಾರಿ ಸಿಕ್ಕಿದ್ದು ಕ್ರಿಸ್ತೋಫ್ ಕಿಯೆಸ್ಲೋವ್ಸ್ಕಿ ಅವರು ಪೋಲೆಂಡಿನ ಟೆಲಿವಿಷನ್‌ಗಾಗಿ ಮಾಡಿದ ‘ಡೆಕಲಾಗ್’ ಎಂಬ ಹತ್ತು ಕಂತುಗಳ ಮಾಲಿಕೆಯಲ್ಲಿ. ಅದರ ಐದನೆಯ ಕಂತಿನಲ್ಲಿ ಒಬ್ಬ ಯುವಕ ಟ್ಯಾಕ್ಸಿ ಚಾಲಕನನ್ನು ಕೊಲ್ಲುತ್ತಾನೆ, ಆಮೇಲೆ ಪ್ರಭುತ್ವ ಆ ಯುವಕನನ್ನು ಗಲ್ಲಿಗೇರಿಸುತ್ತದೆ. ಎರಡೂ ಸಾವುಗಳಲ್ಲಿ ಯಾವುದಕ್ಕೂ ಮರೆಯಿಲ್ಲ. ಆ ರಾತ್ರಿ ಆರನೆಯ ಕಂತಿಗೆ ಕೈ ಹೋಗಲಿಲ್ಲ. ಉಳಿದವನ್ನು ವಾರಕ್ಕೊಂದರಂತೆ ನೋಡಿದೆ. ಗಂಭೀರವೆನಿಸಿದ ಯಾವ ಮಾಲಿಕೆಯನ್ನೂ ಈಗ ದಿನಕ್ಕೆ ಒಂದು ಕಂತಿಗಿಂತ ಹೆಚ್ಚು ನೋಡುವುದಿಲ್ಲ.

ಹೀಗೆ ಬಿಡುವು ಕೊಟ್ಟು ನೋಡಿದ್ದರಿಂದಲೇ ‘ಬ್ರೇಕಿಂಗ್ ಬ್ಯಾಡ್’ ನನ್ನೊಳಗನ್ನೇ ನನಗೆ ತೋರಿಸಿತು. 2008ರಿಂದ 2013ರವರೆಗೆ ಐದು ಸೀಸನ್‌ಗಳಲ್ಲಿ, 62 ಕಂತುಗಳಲ್ಲಿ ಬಂದ ಈ ಮಾಲಿಕೆಯಲ್ಲಿ ವಾಲ್ಟರ್ ವೈಟ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರೊಬ್ಬ ಹಂತಹಂತವಾಗಿ ಪಾತಕಿಯಾಗುತ್ತಾನೆ. ಎರಡನೆಯ ಸೀಸನ್ನಿನ ಕೊನೆಗೆ ಬರುತ್ತಿದ್ದಂತೆ, ಜೇನ್ ಎಂಬ ಯುವತಿ ಮಾದಕದ್ರವ್ಯದ ಅಮಲಿನಲ್ಲಿ ಮಲಗಿದ್ದಲ್ಲೇ ಉಸಿರುಗಟ್ಟಿ ಸಾಯುತ್ತಿರುವಾಗ ವಾಲ್ಟರ್ ವೈಟ್ ಹತ್ತಿರವೇ ನಿಂತು, ಕೈ ಚಾಚಿದರೆ ಬದುಕಿಸಬಹುದಾಗಿದ್ದರೂ, ಸುಮ್ಮನೆ ನೋಡುತ್ತಾನೆ. ಆ ರಾತ್ರಿ ನಾನು ಬರೆದದ್ದು: ‘ಪಾಪ, ಅವನಿಗೆ ಬೇರೆ ದಾರಿ ಎಲ್ಲಿತ್ತು?’ ಮಾಲಿಕೆ ಮುಗಿದ ಮೇಲೆ ಆ ಪುಟ ತಿರುವಿದಾಗ ಅದು ನನ್ನದೇ ಅಕ್ಷರವೆಂದು ನಂಬಲು ಕಷ್ಟವಾಯಿತು. ಅವನು ಹಂತಹಂತವಾಗಿ ಇಳಿದ ಹಾಗೆ ನನ್ನನ್ನೂ ಅದೇ ಮೆಟ್ಟಿಲುಗಳಲ್ಲಿ ಇಳಿಸಿಕೊಂಡು ಹೋಗಿದ್ದರು. ಆ ಮಾಲಿಕೆಯನ್ನು ನಾನು ದೊಡ್ಡ ಕೃತಿಯೆಂದು ಕರೆಯುವುದು ಅದರ ರೋಚಕತೆಗಾಗಿ ಅಲ್ಲ, ಈ ಒಂದು ಸಾಲನ್ನು ನನ್ನಿಂದ ಬರೆಸಿದ್ದಕ್ಕಾಗಿ.

ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ದ (1977) ಪುಟದಲ್ಲಿ ತಿದ್ದುಪಡಿ ಕಡಿಮೆ. ಗರ್ಭಿಣಿಯಾದ ವಿಧವೆಯೊಬ್ಬಳನ್ನು ಬಹಿಷ್ಕರಿಸುವ ಇಡೀ ಕ್ರೌರ್ಯವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ಕಾಣಿಸಿದ್ದರಿಂದ ಅವನಿಗೆ ಅರ್ಥವಾಗದ್ದೇ ನನಗೆ ಹೆಚ್ಚು ಅರ್ಥವಾಯಿತು ಎಂದು ಮೊದಲ ಸಲವೇ ಬರೆದಿದ್ದೆ; ಈಗಲೂ ಅದಕ್ಕೆ ಬದ್ಧನಾಗಿದ್ದೇನೆ.

ಎಲ್ಲ ಶ್ರೇಷ್ಠ ಕೃತಿಗಳೂ ಎರಡನೆಯ ನೋಟದಲ್ಲಿ ನನ್ನನ್ನು ಒಲಿಸಿಕೊಂಡವು ಎಂದರೆ ಸುಳ್ಳಾಗುತ್ತದೆ. ಅಕಿರಾ ಕುರೊಸಾವಾ ಅವರ ‘ರಾಶೋಮನ್’ (1950) ಒಂದೇ ಘಟನೆಯನ್ನು ನಾಲ್ಕು ಬಾಯಿಗಳಿಂದ ನಾಲ್ಕು ಬಗೆಯಾಗಿ ಹೇಳಿಸಿ, ಯಾರನ್ನೂ ನಂಬಲಾಗದ ಜಾಗಕ್ಕೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಅಷ್ಟು ಧೈರ್ಯ ತೋರಿದ ಮೇಲೆ, ಕೊನೆಯಲ್ಲಿ ಅನಾಥ ಶಿಶುವೊಂದು ಸಿಗುವುದು, ಕಟ್ಟಿಗೆ ಕಡಿಯುವವನು ಅದನ್ನು ಎತ್ತಿಕೊಂಡು ಹೋಗುವುದು, ಮಳೆ ನಿಲ್ಲುವುದು, ಇವೆಲ್ಲ ನನಗೆ ಅವಸರದ ಸಾಂತ್ವನವಾಗಿ ಕಂಡವು. ಆ ಸಾಂತ್ವನ ಬೇಕೇ ಬೇಕಿತ್ತು ಎನ್ನುವ ಗೆಳೆಯರೊಂದಿಗೆ ತಾಸುಗಟ್ಟಲೆ ವಾದಿಸಿದ್ದೇನೆ, ಅವರ ಮಾತು ಕೇಳಿ ಮತ್ತೆರಡು ಸಲ ನೋಡಿದ್ದೇನೆ. ‘ರಾಶೋಮನ್’ನ ಬಲಪುಟದಲ್ಲಿ ಈಗ ಎರಡು ತಾರೀಖುಗಳಿವೆ, ಎರಡರ ಕೆಳಗೂ ಎಡಪುಟದ ಸಾಲೇ ಇದೆ.